ಸಣ್ಣ ಗೇಮಿಂಗ್ ಗಣಕಯಂತ್ರದ ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಆಯ್ಕೆ

ಸಣ್ಣ ಗೇಮಿಂಗ್ ಗಣಕಯಂತ್ರವು ಕಡಿಮೆ ಜಾಗದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನೂ ಒಳಗೊಂಡಿರುವ ಮೇಜಿನ ಗಣಕಯಂತ್ರವಾಗಿದೆ. ಸಾಮಾನ್ಯವಾಗಿ 20 ಲೀಟರ್‌ಗಿಂತ ಕಡಿಮೆ ಘನ ಅಳತೆಯ ಯಂತ್ರಗಳನ್ನು ಈ ವರ್ಗಕ್ಕೆ ಸೇರಿಸಲಾಗುತ್ತದೆ. ಇದರ ಹೊರಪೆಟ್ಟಿಗೆಯನ್ನು ಭಾರತದ ಅಂಗಡಿಗಳಲ್ಲಿ ಕ್ಯಾಬಿನೆಟ್ ಎಂದೂ, ವಿದ್ಯುತ್ ಪೂರೈಸುವ ಘಟಕವನ್ನು ಎಸ್‌ಎಂಪಿಎಸ್ ಎಂದೂ ಕರೆಯುತ್ತಾರೆ. ದೊಡ್ಡ ಯಂತ್ರದಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ಆರಿಸಬಹುದು. ಸಣ್ಣ ಯಂತ್ರದಲ್ಲಿ ಒಂದರ ಆಯ್ಕೆಯು ಇನ್ನೊಂದನ್ನು ನಿರ್ಧರಿಸುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಂತಹ ಬಿಸಿಲು ಹಾಗೂ ಧೂಳು ಹೆಚ್ಚಿರುವ ಊರುಗಳಲ್ಲಿ ಗಾತ್ರಕ್ಕಿಂತ ಗಾಳಿಯ ಸಂಚಾರಕ್ಕೆ ಹೆಚ್ಚು ಮಹತ್ವ ಕೊಡಬೇಕಾಗುತ್ತದೆ.

ಅಳತೆಯ ಮಾನದಂಡಗಳು

ಇಂಟೆಲ್ ಸಂಸ್ಥೆಯು 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನದಂಡದ ಮದರ್‌ಬೋರ್ಡ್ 305 × 244 ಮಿ.ಮೀ. ಅಳತೆಯದು. ತೈವಾನಿನ ವಿಐಎ ಟೆಕ್ನಾಲಜೀಸ್ 2001ರಲ್ಲಿ ಪರಿಚಯಿಸಿದ ಮಿನಿ-ಐಟಿಎಕ್ಸ್ ಫಲಕವು ಕೇವಲ 170 × 170 ಮಿ.ಮೀ. ಇದೆ. ಸಣ್ಣ ಗೇಮಿಂಗ್ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇದೇ ಫಲಕ. ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಜೋಡಿಸಲು ಒಂದೇ ಸ್ಲಾಟ್ ಇರುತ್ತದೆ.

ಎಸ್‌ಎಂಪಿಎಸ್‌ಗಳಿಗೂ ಇಂತಹ ಅಳತೆಗಳಿವೆ. ಸಾಮಾನ್ಯ ಎಟಿಎಕ್ಸ್ ಘಟಕವು 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ ಹಾಗೂ ಕನಿಷ್ಠ 140 ಮಿ.ಮೀ. ಉದ್ದವಿರುತ್ತದೆ. ಎಸ್‌ಎಫ್‌ಎಕ್ಸ್ ಘಟಕದ ಅಳತೆ 125 × 63.5 × 100 ಮಿ.ಮೀ. ಎಸ್‌ಎಫ್‌ಎಕ್ಸ್-ಎಲ್ ಎಂಬ ರೂಪದಲ್ಲಿ ಉದ್ದ ಮಾತ್ರ 130 ಮಿ.ಮೀ.ಗೆ ಹೆಚ್ಚುತ್ತದೆ. ಸಣ್ಣ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವು ಎಸ್‌ಎಫ್‌ಎಕ್ಸ್‌ಗಾಗಿ ರಚಿತವಾಗಿರುವುದರಿಂದ, ಮನೆಯಲ್ಲಿರುವ ಹಳೆಯ ಎಟಿಎಕ್ಸ್ ಘಟಕವು ಅವುಗಳಲ್ಲಿ ಕೂರುವುದಿಲ್ಲ.

ಕ್ಯಾಬಿನೆಟ್ ಆಯ್ಕೆ

ಕ್ಯಾಬಿನೆಟ್ಟಿನ ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ಗಳಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಅದರ ಘನ ಅಳತೆ ಲೀಟರ್‌ಗಳಲ್ಲಿ ದೊರೆಯುತ್ತದೆ. 35 × 20 × 25 ಸೆಂ.ಮೀ. ಪೆಟ್ಟಿಗೆಯು 17.5 ಲೀಟರ್ ಆಗುತ್ತದೆ. ಆದರೆ ಲೀಟರ್ ಸಂಖ್ಯೆಯೊಂದೇ ಸಾಲದು. ಗ್ರಾಫಿಕ್ಸ್ ಕಾರ್ಡಿನ ಉದ್ದ ಮತ್ತು ದಪ್ಪ, ಪ್ರೊಸೆಸರ್ ಕೂಲರ್‌ನ ಎತ್ತರ ಹಾಗೂ ಎಸ್‌ಎಂಪಿಎಸ್‌ನ ಅಳತೆಗಳನ್ನು ಕ್ಯಾಬಿನೆಟ್ಟಿನ ವಿವರಪಟ್ಟಿಯೊಂದಿಗೆ ಹೋಲಿಸಬೇಕು.

ಎರಡು ಪ್ರಸಿದ್ಧ ಮಾದರಿಗಳ ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಕ್ಯಾಬಿನೆಟ್ 7.2 ಲೀಟರ್‌ನಷ್ಟು ಚಿಕ್ಕದು; ಅದರಲ್ಲಿ ಕೇವಲ 48 ಮಿ.ಮೀ. ಎತ್ತರದ ಕೂಲರ್ ಹಿಡಿಸುತ್ತದೆ. ಕೂಲರ್ ಮಾಸ್ಟರ್ ಸಂಸ್ಥೆಯ ಎನ್‌ಆರ್200 ಮಾದರಿಯು 18.25 ಲೀಟರ್ ಇದ್ದು, 155 ಮಿ.ಮೀ. ಎತ್ತರದ ಕೂಲರ್ ಮತ್ತು 330 ಮಿ.ಮೀ. ಉದ್ದದ ಕಾರ್ಡಿಗೆ ಸ್ಥಳ ನೀಡುತ್ತದೆ. ಎತ್ತರದ ಕೂಲರ್‌ಗೆ ದೊಡ್ಡ ಫ್ಯಾನ್ ಇರುವುದರಿಂದ ಅದು ನಿಧಾನವಾಗಿ ತಿರುಗಿಯೂ ಹೆಚ್ಚು ಶಾಖವನ್ನು ಹೊರಹಾಕಬಲ್ಲದು.

ವ್ಯಾಟ್ ಲೆಕ್ಕ

ಎಸ್‌ಎಂಪಿಎಸ್‌ನ ಸಾಮರ್ಥ್ಯವನ್ನು ಬಿಡಿಭಾಗಗಳ ಒಟ್ಟು ಬಳಕೆಯಿಂದ ಅಂದಾಜಿಸಬೇಕು. ಎಎಂಡಿ ರೈಜನ್ 5 7600 ಪ್ರೊಸೆಸರ್ ಪೂರ್ಣ ಹೊರೆಯಲ್ಲಿ ಸುಮಾರು 88 ವ್ಯಾಟ್, ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್ ಬಳಸುತ್ತವೆ. ಉಳಿದ ಭಾಗಗಳಿಗೆ 60 ವ್ಯಾಟ್ ಸೇರಿಸಿದರೆ ಮೊತ್ತ 263 ವ್ಯಾಟ್ ಆಗುತ್ತದೆ. ಕಾರ್ಡುಗಳ ಬಳಕೆಯು ಕ್ಷಣಮಾತ್ರ ನಿಗದಿತ ಮಟ್ಟವನ್ನು ಮೀರುವುದುಂಟು. ಆದ್ದರಿಂದ ಇಂತಹ ಯಂತ್ರಕ್ಕೆ 450 ವ್ಯಾಟ್ ಘಟಕ ಸೂಕ್ತ. 200 ವ್ಯಾಟ್ ಬಳಸುವ ಆರ್‌ಟಿಎಕ್ಸ್ 4070 ಕಾರ್ಡಿಗೆ 650 ವ್ಯಾಟ್ ಘಟಕವನ್ನು ಆರಿಸುವುದು ಕ್ಷೇಮ.

ದಕ್ಷತೆ ಮತ್ತು ಶಾಖ

2004ರಲ್ಲಿ ಆರಂಭವಾದ 80 ಪ್ಲಸ್ ಪ್ರಮಾಣೀಕರಣವು ಎಸ್‌ಎಂಪಿಎಸ್‌ನ ದಕ್ಷತೆಯನ್ನು ಸೂಚಿಸುತ್ತದೆ. ಗಣಕಯಂತ್ರಕ್ಕೆ 300 ವ್ಯಾಟ್ ಬೇಕಾದಾಗ, 80 ಶೇಕಡಾ ದಕ್ಷತೆಯ ಘಟಕವು ಗೋಡೆಯ ಸಾಕೆಟ್‌ನಿಂದ 375 ವ್ಯಾಟ್ ಪಡೆದು 75 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ. 90 ಶೇಕಡಾ ದಕ್ಷತೆಯ ಘಟಕವು ಸುಮಾರು 333 ವ್ಯಾಟ್ ಪಡೆದು 33 ವ್ಯಾಟ್ ಮಾತ್ರ ಕಳೆಯುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸವು ವಿದ್ಯುತ್ ಬಿಲ್ಲಿಗಿಂತಲೂ ಯಂತ್ರದ ಆಯುಷ್ಯಕ್ಕೆ ಹೆಚ್ಚು ಮುಖ್ಯ. ಈ ಕಾರಣದಿಂದ ಗೋಲ್ಡ್ ದರ್ಜೆಯ ಘಟಕಕ್ಕೆ ತೆರುವ ಹೆಚ್ಚಿನ ಬೆಲೆ ಸಾರ್ಥಕವಾಗುತ್ತದೆ.

ಬಿಸಿಲು ಮತ್ತು ಧೂಳು

ವಿಜಯಪುರ ಜಿಲ್ಲೆಯು ಅರೆಶುಷ್ಕ ಪ್ರದೇಶವಾಗಿದ್ದು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಫ್ಯಾನ್ ಕೊಠಡಿಯ ಗಾಳಿಯನ್ನೇ ಒಳಗೆ ಎಳೆದುಕೊಳ್ಳುವುದರಿಂದ ಹೊರಗಿನ ಸೆಕೆಯೂ ಬಿಡಿಭಾಗಗಳ ಬಿಸಿಗೆ ಸೇರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ತಲಪುವ ಭಾಗವು 40 ಡಿಗ್ರಿಯ ಕೋಣೆಯಲ್ಲಿ ಸುಮಾರು 85 ಡಿಗ್ರಿ ತಲಪಬಹುದು. ಮಿತಿ ಮೀರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೆಲವು ಎಸ್‌ಎಂಪಿಎಸ್‌ಗಳ ಪೂರ್ಣ ಸಾಮರ್ಥ್ಯವು 40 ಡಿಗ್ರಿಯವರೆಗೆ, ಇನ್ನು ಕೆಲವುಗಳದು 50 ಡಿಗ್ರಿಯವರೆಗೆ ನಿಗದಿಯಾಗಿರುತ್ತದೆ. ಈ ಭಾಗದಲ್ಲಿ ಎರಡನೆಯ ಬಗೆಯದನ್ನೇ ಆರಿಸುವುದು ಒಳಿತು.

ಬೇಸಗೆಯಲ್ಲಿ ಒಣಗಿದ ಹೊಲಗಳ ಮಣ್ಣು ಗಾಳಿಯೊಡನೆ ಮನೆಯೊಳಗೆ ಬರುತ್ತದೆ. ಆದುದರಿಂದ ಜಾಲರಿಯ ಬದಿಗಳು ಮತ್ತು ಸುಲಭವಾಗಿ ಕಳಚಿ ತೊಳೆಯಬಹುದಾದ ಧೂಳುಶೋಧಕಗಳು ಇರುವ, 15ರಿಂದ 20 ಲೀಟರ್ ಅಳತೆಯ ಕ್ಯಾಬಿನೆಟ್ ಅನುಕೂಲಕರ. ಯಂತ್ರವನ್ನು ಗೋಡೆಯ ಗೂಡಿನಲ್ಲಾಗಲಿ ಮುಚ್ಚಿದ ಕಪಾಟಿನಲ್ಲಾಗಲಿ ಇಡಬಾರದು. ನೆಲದ ಮೇಲೆ ಇಟ್ಟರೆ ಹೆಚ್ಚು ಧೂಳು ಸೇರುತ್ತದೆ.

ವಿದ್ಯುತ್ ಪೂರೈಕೆ

ಈ ತಾಲ್ಲೂಕುಗಳಿಗೆ ವಿದ್ಯುತ್ ವಿತರಿಸುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಹೆಸ್ಕಾಂ. ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇದೇ ಜಿಲ್ಲೆಯಲ್ಲಿದೆ. ಆದರೂ ಮನೆಯ ಸಾಕೆಟ್‌ನಲ್ಲಿ ದೊರೆಯುವ ವೋಲ್ಟೇಜ್ ಹತ್ತಿರದ ಟ್ರಾನ್ಸ್‌ಫಾರ್ಮರ್, ತಂತಿಯ ಉದ್ದ ಮತ್ತು ಅದರ ಮೇಲಿನ ಹೊರೆಯನ್ನು ಅವಲಂಬಿಸಿರುತ್ತದೆ. ನಿಗದಿತ ವೋಲ್ಟೇಜ್ 230 ಆಗಿದ್ದರೂ, ಒಂದೇ ಮಾರ್ಗದಲ್ಲಿ ಹಲವು ಪಂಪ್‌ಸೆಟ್‌ಗಳು ಏಕಕಾಲದಲ್ಲಿ ಚಾಲೂ ಆದರೆ ಅದು ಇಳಿಯಬಹುದು. 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವ ಎಸ್‌ಎಂಪಿಎಸ್ ಇಂತಹ ಇಳಿತವನ್ನು ತಾಳಿಕೊಳ್ಳುತ್ತದೆ.

ಯುಪಿಎಸ್ ಕೊಳ್ಳುವಾಗ ವಿಎ ಸಂಖ್ಯೆಯನ್ನೇ ವ್ಯಾಟ್ ಎಂದು ಭಾವಿಸಬಾರದು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಮಾನಿಟರ್‌ನ ಬಳಕೆಯನ್ನೂ ಇದರಲ್ಲಿ ಲೆಕ್ಕ ಹಿಡಿಯಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಲೋಹದ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನಬಹುದು. ಎಸ್‌ಎಂಪಿಎಸ್ ಒಳಗಿನ ಶೋಧಕ ಮಂಡಲದಿಂದ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಹರಿಯಲು ದಾರಿಯಿಲ್ಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಆದರೂ ಇದನ್ನು ಕಡೆಗಣಿಸದೆ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಬದಲಿಸುವುದು ಅಪಾಯಕಾರಿ. ಗುಡುಗು ಸಿಡಿಲಿನ ಮುನ್ಸೂಚನೆ ದೊರೆತಾಗಲೇ ಪ್ಲಗ್ ಕಳಚಿಡಬೇಕು.

ಖರೀದಿಯ ಕ್ರಮ

ಮೊದಲು ಗ್ರಾಫಿಕ್ಸ್ ಕಾರ್ಡ್, ಅನಂತರ ಅದು ಹಿಡಿಸುವ ಕ್ಯಾಬಿನೆಟ್, ಬಳಿಕ ಆ ಕ್ಯಾಬಿನೆಟ್ಟಿಗೆ ಹೊಂದುವ ಎಸ್‌ಎಂಪಿಎಸ್, ಕೊನೆಯಲ್ಲಿ ಕೂಲರ್ ನಿರ್ಧರಿಸುವುದು ಸೂಕ್ತ ಕ್ರಮ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಾಗಲಿ ಆನ್‌ಲೈನ್ ಮೂಲಕವಾಗಲಿ ತರಿಸುವವರು ಬಿಲ್ಲನ್ನು ಕಾಪಾಡಿಕೊಳ್ಳಬೇಕು ಮತ್ತು ವಾರಂಟಿ ಸೇವೆ ಯಾವ ಊರಿನಲ್ಲಿ ದೊರೆಯುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಹಣ ಸೀಮಿತವಾಗಿದ್ದರೆ ಕ್ಯಾಬಿನೆಟ್ಟಿನ ಅಂದದಲ್ಲಿ ಉಳಿತಾಯ ಮಾಡಬಹುದು. ಎಸ್‌ಎಂಪಿಎಸ್‌ನಲ್ಲಿ ಮಾಡುವ ಉಳಿತಾಯ ಮಾತ್ರ ಉಳಿದ ಎಲ್ಲ ಬಿಡಿಭಾಗಗಳನ್ನೂ ಅಪಾಯಕ್ಕೆ ಒಡ್ಡುತ್ತದೆ.