ಧರ್ಮಗುರುಗಳ ಬೆಳ್ಳಿ ನಾಣ್ಯಗಳು

ನಾಣ್ಯಗಳನ್ನು ಟಂಕಿಸುವ ಅಧಿಕಾರ ರಾಜರದೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ 8ರಿಂದ 10ನೆಯ ಶತಮಾನದ ಆದಿಭಾಗದವರೆಗೆ ಇಂಗ್ಲೆಂಡಿನಲ್ಲಿ ಕ್ರೈಸ್ತ ಮಹಾಧರ್ಮಾಧ್ಯಕ್ಷರ ಹೆಸರುಗಳೂ ಬೆಳ್ಳಿ ನಾಣ್ಯಗಳ ಮೇಲೆ ಕಾಣಿಸಿಕೊಂಡವು. ಆ ಕಾಲದಲ್ಲಿ ಅರಮನೆಗೂ ಧರ್ಮಪೀಠಕ್ಕೂ ಇದ್ದ ಸಂಬಂಧವನ್ನು ಅರಿಯಲು ಇವು ಅಮೂಲ್ಯ ಆಧಾರಗಳಾಗಿವೆ.

ಯಾರ್ಕ್‌ನ ಮಹಾಧರ್ಮಾಧ್ಯಕ್ಷ ಎಕ್‌ಬರ್ಟ್ ಹಾಗೂ ನಾರ್ತಂಬ್ರಿಯದ ಅರಸ ಈಡ್‌ಬರ್ಟ್ (737-758) ಸಹೋದರರು. ಇವರ ಕಾಲದ ಕಿರುನಾಣ್ಯಗಳ ಒಂದು ಮುಖದಲ್ಲಿ ಅರಸನ ಹೆಸರೂ ಇನ್ನೊಂದು ಮುಖದಲ್ಲಿ ಎರಡು ಶಿಲುಬೆಗಳನ್ನು ಹಿಡಿದು ನಿಂತಿರುವ ಧರ್ಮಗುರುವಿನ ಆಕೃತಿಯೂ ಇವೆ.

ಕ್ಯಾಂಟರ್‌ಬರಿಯ ಕಥೆ ಇಷ್ಟು ಸೌಹಾರ್ದದ್ದಲ್ಲ. ಮರ್ಸಿಯದ ಪ್ರಬಲ ದೊರೆ ಓಫ (757-796) ಮತ್ತು ಮಹಾಧರ್ಮಾಧ್ಯಕ್ಷ ಯೇನ್‌ಬರ್ಟ್ ಇವರ ನಡುವೆ ವೈಮನಸ್ಯವಿತ್ತು. 787ರಲ್ಲಿ ಓಫನು ಲಿಚ್‌ಫೀಲ್ಡ್‌ನಲ್ಲಿ ಪ್ರತ್ಯೇಕ ಮಹಾಧರ್ಮಪೀಠವೊಂದನ್ನು ಸ್ಥಾಪಿಸಲು ಅನುಮೋದನೆ ಪಡೆದು, ಕ್ಯಾಂಟರ್‌ಬರಿಯ ವ್ಯಾಪ್ತಿಯನ್ನು ಮೊಟಕುಗೊಳಿಸಿದನು. ಹೀಗಿದ್ದೂ ಒಂದೂಕಾಲು ಗ್ರಾಮಿನಷ್ಟು ತೂಗುವ ಪೆನ್ನಿ ನಾಣ್ಯದ ಎರಡು ಮುಖಗಳಲ್ಲಿ ಇವರಿಬ್ಬರ ಹೆಸರುಗಳೂ ಇವೆ. ಲಿಚ್‌ಫೀಲ್ಡ್‌ನ ಪೀಠವು 803ರಲ್ಲಿ ರದ್ದಾಯಿತು. ಮುಂದೆ ವುಲ್‌ಫ್ರೆಡ್ (805-832) ರಾಜನ ಹೆಸರನ್ನೇ ಕೈಬಿಟ್ಟು, ತನ್ನ ಮುಖಚಿತ್ರವುಳ್ಳ ನಾಣ್ಯಗಳನ್ನು ಹೊರಡಿಸಿದನು. ಮಠಗಳ ಒಡೆತನದ ಸಂಬಂಧವಾಗಿ ಇವನಿಗೂ ದೊರೆ ಕೀನ್‌ವುಲ್ಫ್‌ನಿಗೂ ತೀವ್ರ ವಿವಾದ ನಡೆಯಿತೆಂಬುದು ಗಮನಾರ್ಹ.

10ನೆಯ ಶತಮಾನದ ಆದಿಯಲ್ಲಿ, ಪ್ಲೆಗ್‌ಮಂಡ್‌ನ ತರುವಾಯ, ಈ ಪದ್ಧತಿ ನಿಂತಿತು. ರಾಜ್ಯಕ್ಕೆಲ್ಲ ಒಂದೇ ನಾಣ್ಯವಿರತಕ್ಕದ್ದೆಂದು ದೊರೆ ಅಥೆಲ್‌ಸ್ಟನ್ (924-939) ವಿಧಿಸಿದನು. ಆದರೂ ಕ್ಯಾಂಟರ್‌ಬರಿಯ ಏಳು ಮಂದಿ ಟಂಕಕಾರರಲ್ಲಿ ನಾಲ್ವರು ರಾಜನಿಗೂ ಇಬ್ಬರು ಮಹಾಧರ್ಮಾಧ್ಯಕ್ಷನಿಗೂ ಒಬ್ಬನು ಮಠಾಧಿಪತಿಗೂ ಸೇರಿದವರೆಂದು ಅದೇ ಶಾಸನ ನಿಗದಿಪಡಿಸಿತು. ನಾಣ್ಯದ ಮೇಲಿನ ಹೆಸರು ಹೋಯಿತು. ಟಂಕಸಾಲೆಯ ಆದಾಯದ ಪಾಲು ಉಳಿಯಿತು.

ಈ ಇತಿಹಾಸವನ್ನು ತಿಳಿಸಿದ್ದು ನಾಣ್ಯಗಳ ಮೇಲಿನ ಬರಹ. ಕರಗಿಸಿದ ನಾಣ್ಯ ಬರಿಯ ಬೆಳ್ಳಿಯಷ್ಟೆ. ನಮ್ಮ ದೇಶದಲ್ಲಿಯೂ ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ದೊರೆತವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಭಾರತೀಯ ನಿಧಿನಿಕ್ಷೇಪ ಅಧಿನಿಯಮ ವಿಧಿಸುತ್ತದೆ. ಅಂತಹ ನಾಣ್ಯಗಳನ್ನು ಉಜ್ಜದೆ, ಕರಗಿಸದೆ, ಹಂಚಿಕೊಳ್ಳದೆ ಒಪ್ಪಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.