ಮಗಳ ಮಕ್ಕಳಲ್ಲಿ ಬಾಳಿದ ಓಟ

ಓಟದ ಕುದುರೆಯೊಂದರ ಹಿರಿಮೆ ಉಳಿಯುವುದು ಗೆದ್ದ ಪಂದ್ಯಗಳಲ್ಲಿಯೋ, ಹುಟ್ಟಿಸಿದ ಮರಿಗಳಲ್ಲಿಯೋ? ಥರೋಬ್ರೆಡ್ ತಳಿಯನ್ನು ಸಾಕುವವರು ಎರಡನೆಯದಕ್ಕೇ ಹೆಚ್ಚು ಬೆಲೆ ಕಟ್ಟುತ್ತಾರೆ. ಅಮೆರಿಕದ ‘ಸೆಕ್ರೆಟೇರಿಯಟ್’ ಎಂಬ ಕುದುರೆಯ ಬಾಳು ಈ ಪ್ರಶ್ನೆಗೆ ಯಾರೂ ಎಣಿಸದ ಉತ್ತರವೊಂದನ್ನು ಕೊಟ್ಟಿತು.

ಈ ಕೆಂಗಂದು ಬಣ್ಣದ ಮರಿ ಹುಟ್ಟಿದ್ದು ೧೯೭೦ರ ಮಾರ್ಚ್ ೩೦ರಂದು, ವರ್ಜೀನಿಯಾದಲ್ಲಿ. ಒಡತಿ ಪೆನ್ನಿ ಚೆನರಿಯವರಿಗೆ ಅದು ದಕ್ಕಿದ್ದು ನಾಣ್ಯ ಚಿಮ್ಮಿ ಮರಿಗಳನ್ನು ಹಂಚಿಕೊಂಡಾಗ ಅವರು ಸೋತದ್ದರಿಂದ! ಗೆದ್ದವರು ಅದೇ ತಾಯಿಯ ಹಿಂದಿನ ಹೆಣ್ಣುಮರಿಯನ್ನು ಆರಿಸಿಕೊಂಡರು. ಇನ್ನೂ ಹುಟ್ಟದಿದ್ದ ಮರಿ ಸೋತವರಿಗೆ ಉಳಿಯಿತು.

೧೯೭೩ರ ಜನವರಿಯಲ್ಲಿ ಚೆನರಿಯವರ ತಂದೆ ತೀರಿಕೊಂಡರು. ಆಸ್ತಿಯ ತೆರಿಗೆಯ ಹೊರೆ ತಲೆಯ ಮೇಲೆ ಬಂದಿತು. ಕುದುರೆಯ ಮುಂದಿನ ಸಂತಾನದ ಹಕ್ಕನ್ನು ೩೨ ಪಾಲು ಮಾಡಿ ಒಟ್ಟು ೬೦,೮೦,೦೦೦ ಡಾಲರಿಗೆ ಮಾರಬೇಕಾಯಿತು. ಹೀಗೆ, ಆ ವರ್ಷದ ಒಂದು ಪಂದ್ಯವನ್ನೂ ಓಡುವ ಮೊದಲೇ ಅದರ ಮಕ್ಕಳಿಗೆ ಬೆಲೆ ನಿಗದಿಯಾಗಿತ್ತು.

ಓಟವೇನೋ ಆ ಬೆಲೆಯನ್ನು ಸಮರ್ಥಿಸಿತು. ಓಡುತ್ತ ಹೋದಂತೆ ದಣಿಯುವುದು ಕುದುರೆಗೆ ಸಹಜ. ಕೆಂಟಕಿ ಡರ್ಬಿಯ ಒಂದೂಕಾಲು ಮೈಲಿಯಲ್ಲಾದರೋ ಇದು ಪ್ರತಿಯೊಂದು ಕಾಲು ಮೈಲಿಯನ್ನೂ ಹಿಂದಿನದಕ್ಕಿಂತ ಬೇಗ ಮುಗಿಸಿತು. ಬಳಿಕ ಪ್ರೀಕ್‌ನೆಸ್ ಪಂದ್ಯವನ್ನು ಗೆದ್ದಿತು. ಜೂನ್ ೯ರಂದು ಬೆಲ್‌ಮಾಂಟ್ ಪಂದ್ಯದ ಒಂದೂವರೆ ಮೈಲಿಯನ್ನು ೨ ನಿಮಿಷ ೨೪ ಸೆಕೆಂಡಿನಲ್ಲಿ ಓಡಿ, ಎರಡನೆಯ ಕುದುರೆಯನ್ನು ೩೧ ಮೈಯುದ್ದ ಹಿಂದೆ ಬಿಟ್ಟಿತು. ೨೫ ವರ್ಷಗಳಿಂದ ಯಾವ ಕುದುರೆಗೂ ದಕ್ಕದಿದ್ದ ಮೂರು ಪಂದ್ಯಗಳ ಕಿರೀಟ ಇದಕ್ಕೆ ಸಂದಿತು. ಆ ಮೂರು ಪಂದ್ಯಗಳ ದಾಖಲೆಗಳೂ ಅರ್ಧ ಶತಮಾನ ಕಳೆದರೂ ಅಳಿದಿಲ್ಲ. ಓಡಿದ ೨೧ ಪಂದ್ಯಗಳಲ್ಲಿ ಗೆದ್ದದ್ದು ೧೬.

ಅನಂತರ ಕೆಂಟಕಿಯ ಕ್ಲೇಬೋರ್ನ್ ಫಾರ್ಮಿನಲ್ಲಿ ತಳಿಯ ಕುದುರೆಯಾಗಿ ಬಾಳು. ತಂದೆಯನ್ನು ಮೀರಿಸುವ ಗಂಡುಮಕ್ಕಳಿಗಾಗಿ ಜನ ಕಾದರು. ‘ರೈಸನ್ ಸ್ಟಾರ್’, ‘ಲೇಡೀಸ್ ಸೀಕ್ರೆಟ್’ ಮುಂತಾದ ಉತ್ತಮ ಮಕ್ಕಳು ಹುಟ್ಟಿದರೂ ತಂದೆಯ ವಂಶವನ್ನು ಬಲವಾಗಿ ಬೆಳಸುವ ಮಗ ಬರಲಿಲ್ಲ. ಹಾಕಿದ ಹಣ ಫಲಿಸಲಿಲ್ಲವೆಂಬ ಗೊಣಗು ಎದ್ದಿತು. ೧೯೮೯ರ ಅಕ್ಟೋಬರ್ ೪ರಂದು, ವಾಸಿಯಾಗದ ಗೊರಸಿನ ಬೇನೆಯಿಂದ ನರಳುತ್ತಿದ್ದ ಕುದುರೆಗೆ ದಯಾಮರಣ ಕೊಡಲಾಯಿತು.

ಆದರೆ ಹೆಣ್ಣುಮಕ್ಕಳ ಕಡೆ ಕಣ್ಣು ಹಾಯಿಸಿದವರಿಗೆ ಬೇರೊಂದು ಚಿತ್ರ ಕಂಡಿತು. ‘ಟರ್ಲಿಂಗ್ವಾ’ ಎಂಬ ಮಗಳಿಗೆ ‘ಸ್ಟಾರ್ಮ್ ಕ್ಯಾಟ್’, ‘ವೀಕೆಂಡ್ ಸರ್‌ಪ್ರೈಸ್’ ಎಂಬವಳಿಗೆ ‘ಎ. ಪಿ. ಇಂಡಿ’, ‘ಸೀಕ್ರೆಟೇಮ್’ ಎಂಬವಳಿಗೆ ‘ಗಾನ್ ವೆಸ್ಟ್’ ಹುಟ್ಟಿದವು. ಈ ದೌಹಿತ್ರರು ಒಂದೊಂದೂ ಹೆಸರಾಂತ ತಳಿಗೆ ಮೂಲವಾದವು. ಮಗಳ ಮಕ್ಕಳ ಗಳಿಕೆಯನ್ನು ಎಣಿಸಿ ತಾತನಿಗೆ ಕೊಡುವ ಅಗ್ರಸ್ಥಾನ ೧೯೯೨ರಲ್ಲಿ ಸೆಕ್ರೆಟೇರಿಯಟ್‌ಗೆ ಸಂದಿತು.

ಇದಕ್ಕೆ ಕಾರಣವೇನು? ಶವಪರೀಕ್ಷೆ ಮಾಡಿದ ವೈದ್ಯರು ಅದರ ಹೃದಯ ಸಾಮಾನ್ಯ ಗಾತ್ರದ ಎರಡು ಪಟ್ಟಿಗೂ ಮಿಗಿಲು, ಸುಮಾರು ೨೨ ಪೌಂಡ್ ಇದ್ದೀತೆಂದು ಅಂದಾಜು ಮಾಡಿದ್ದರು. ದೊಡ್ಡ ಹೃದಯದ ಗುಣ ಎಕ್ಸ್ ವರ್ಣತಂತುವಿನಲ್ಲಿದೆ ಎಂಬುದು ಕೆಲವರ ಊಹೆ. ತಂದೆಯ ಆ ವರ್ಣತಂತು ಮಗನಿಗೆ ಬರುವುದಿಲ್ಲ, ಮಗಳಿಗೆ ಮಾತ್ರ ಬರುತ್ತದೆ. ಊಹೆ ಸಿದ್ಧಾಂತವಾಗಿಲ್ಲ. ಆದರೂ ಇಷ್ಟು ಮಾತು ನಿಜ: ಉತ್ತರಾಧಿಕಾರಿ ಇಲ್ಲವೆಂದು ಜನ ಮರುಗುತ್ತಿದ್ದ ಕಾಲಕ್ಕೆ, ಉತ್ತರಾಧಿಕಾರವನ್ನು ಹೊತ್ತ ಹೆಣ್ಣುಕುದುರೆಗಳು ಅವರ ಕಣ್ಣೆದುರಿನ ಹುಲ್ಲುಗಾವಲಿನಲ್ಲೇ ಮೇಯುತ್ತಿದ್ದವು.