ಲೂಸ್ ಮೋಷನ್ ಆದ್ರೆ ಮೊದಲು ಮಾತ್ರೆನಾ, ಓಆರ್‌ಎಸ್ಸಾ? ಕರುಳಿನ ಕಾವಲು ಹೇಗಿದೆ ನೋಡಿ

ಹೊಟ್ಟೆ ಕೆಟ್ಟರೆ ಸಾಕು, ಮೆಡಿಕಲ್ ಶಾಪ್‌ಗೆ ಹೋಗಿ ‘ಲೂಸ್ ಮೋಷನ್‌ಗೆ ಎರಡು ಮಾತ್ರೆ ಕೊಡಿ’ ಅನ್ನೋದು ನಮ್ಮಲ್ಲಿ ಮಾಮೂಲು. ಎಷ್ಟೋ ಸಲ ಡಾಕ್ಟರ್ ಚೀಟಿ ಇಲ್ಲದೆಯೇ ಆಂಟಿಬಯೋಟಿಕ್ ಕೈಗೆ ಬರುತ್ತೆ. ಆದರೆ ಈ ಮಾತ್ರೆ ಕರುಳಿನ ಕಾವಲನ್ನೇ ಕೆಡಿಸಬಹುದು.

ಒಂದೇ ಪದರದ ಗೋಡೆ

ಊಟ, ನೀರಿನ ಜೊತೆ ದಿನವೂ ರೋಗಾಣುಗಳು ಹೊಟ್ಟೆ ಸೇರುತ್ತವೆ. ಕರುಳಿನೊಳಗೆ ಅವುಗಳನ್ನು ತಡೆಯೋದು ಒಂದೇ ಸಾಲು ಜೀವಕೋಶಗಳ ಗೋಡೆ. ಆಹಾರದ ಸತ್ವ ಇದನ್ನು ದಾಟಿಯೇ ರಕ್ತಕ್ಕೆ ಸೇರಬೇಕು, ಹಾಗಾಗಿ ಗೋಡೆ ತೆಳು. 3ರಿಂದ 5 ದಿನದಲ್ಲಿ ಹಳೆ ಕೋಶ ಉದುರಿ ಹೊಸದು ಬರುತ್ತೆ.

ಗೋಡೆ ತೆಳುವಾದಷ್ಟೂ ಕಾವಲು ಜಾಸ್ತಿ. ದೇಹದ ರಕ್ಷಣಾ ಕೋಶಗಳು ಕರುಳಲ್ಲಿ ಬಹಳಷ್ಟಿವೆ. ಮೊದಲು ಲೋಳೆಯ ಪದರ ರೋಗಾಣುಗಳನ್ನು ದೂರ ಇಡುತ್ತೆ. ಅದರ ಹಿಂದೆ ‘ಐಜಿಎ’ ಎಂಬ ಪ್ರತಿಕಾಯ ಅವುಗಳಿಗೆ ಅಂಟಿಕೊಂಡು, ಗೋಡೆ ಹಿಡಿಯದಂತೆ ಮಾಡುತ್ತೆ. ಆಮೇಲೆ ಅವು ಮಲದ ಜೊತೆ ಹೊರಗೆ. ಮಕ್ಕಳಿಗೆ 6, 10, 14ನೇ ವಾರದಲ್ಲಿ ಬಾಯಿಗೇ ಹಾಕುವ ರೋಟಾವೈರಸ್ ಲಸಿಕೆ ತಯಾರು ಮಾಡೋದೂ ಇದೇ ಕಾವಲನ್ನ.

ಒಳ್ಳೆ ಬ್ಯಾಕ್ಟೀರಿಯಾ ಹೋದರೆ?

ಕರುಳಲ್ಲಿ ಒಳ್ಳೆ ಬ್ಯಾಕ್ಟೀರಿಯಾಗಳೂ ಇವೆ. ಕಾಳು, ಸೊಪ್ಪು, ರಾಗಿಯ ನಾರಿನಂಶ ಬಳಸಿ ದೊಡ್ಡ ಕರುಳಿನ ಗೋಡೆಗೆ ಬೇಕಾದ ಪೋಷಣೆ ಕೊಡೋದು ಇವೇ. ಜಾಗ ಹಿಡಿದು ಕೂತಿರೋದ್ರಿಂದ ಕೆಟ್ಟವಕ್ಕೆ ನೆಲೆ ಸಿಗಲ್ಲ. ಆಂಟಿಬಯೋಟಿಕ್ ಇವನ್ನೂ ಕೊಲ್ಲುತ್ತೆ. ಜಾಗ ಖಾಲಿಯಾದಾಗ ಬೇರೆ ರೋಗಾಣು ಬೆಳೆದು ಭೇದಿ ಹೆಚ್ಚಾಗಲೂಬಹುದು. ವೈರಸ್‌ನಿಂದ ಬಂದ ಭೇದಿಗಂತೂ ಈ ಮಾತ್ರೆ ಕೆಲಸವೇ ಮಾಡಲ್ಲ.

ಹಾಗಾದ್ರೆ ಏನು ಮಾಡಬೇಕು?

ಭೇದಿಯಲ್ಲಿ ಜೀವಕ್ಕೆ ಅಪಾಯ ತರೋದು ನೀರಿನಂಶ ಹೋಗೋದು. ಉಪ್ಪು, ಸಕ್ಕರೆ ಸರಿಯಾದ ಅಳತೆಯಲ್ಲಿ ಒಟ್ಟಿಗೆ ಇದ್ದರೆ ಭೇದಿ ಇದ್ದಾಗಲೂ ಕರುಳಿನ ಗೋಡೆ ನೀರು ಹೀರಿಕೊಳ್ಳುತ್ತೆ. ಓಆರ್‌ಎಸ್ ಮಾಡೋದು ಇದನ್ನೇ.

• ಪ್ಯಾಕೆಟ್ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪುಡಿ ಹಾಕಿ, 24 ಗಂಟೆಯೊಳಗೆ ಮುಗಿಸಿ. ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ.
• ಮಕ್ಕಳಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ 14 ದಿನ ಜಿಂಕ್ ಕೊಡಿ. ಎದೆಹಾಲು ನಿಲ್ಲಿಸಬೇಡಿ.
• ಮಲದಲ್ಲಿ ರಕ್ತ, ಜೋರು ಜ್ವರ, ಕಣ್ಣು ಒಳಗೆ ಹೋಗಿರೋದು, ಮೂತ್ರ ಕಡಿಮೆಯಾಗೋದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕಾಲರಾದಂಥ ಕೆಲವು ಕಾಯಿಲೆಗೆ ಆಂಟಿಬಯೋಟಿಕ್ ಬೇಕಾಗುತ್ತೆ. ಅದನ್ನು ಡಾಕ್ಟರ್ ನೋಡಿ ಬರೆದುಕೊಡಲಿ. ಓಆರ್‌ಎಸ್ ಪ್ಯಾಕೆಟ್ ಆಶಾ ಕಾರ್ಯಕರ್ತೆಯರ ಹತ್ತಿರ ಫ್ರೀಯಾಗಿ ಸಿಗುತ್ತೆ. ಮನೇಲಿ ಎರಡು ತಂದಿಟ್ಟುಕೊಳ್ಳಿ.